ಮಾವನ ಜೀಪು ಮತ್ತು ‘ಫುಲ್’

‘ಫುಲ್’ ಎಂಬ ಇಂಗ್ಲಿಷ್ ಪದದ ಅರ್ಥ ನಮ್ಮ ಕಳಸದಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಗೊತ್ತಿಲ್ಲದವರು ಒಬ್ಬರೇ, ನನ್ನ ಸೋದರಮಾವ!

ಹಾಗೆಂದು ಬಳಸುತ್ತಲೇ ಇರಲಿಲ್ಲ ಎನ್ನಬೇಡಿ. ನೆಂಟರ ಮನೆಯಲ್ಲಿ ಮೂರನೇ ಸಲ ಕಡುಬು ಬಡಿಸಲು ಬಂದರೆ ಹೊಟ್ಟೆ ಫುಲ್. ಮಳೆ ಹಿಡಿದರೆ ಹೊಳೆ ಫುಲ್. ಅತ್ತೆ ಸಿಟ್ಟಾದರೆ ಮನೆ ಫುಲ್ ಸೈಲೆಂಟ್. ಆದರೆ ಕಳಸ ಹೊರನಾಡುಗಳ ನಡುವೆ ತಾವು ಬಾಡಿಗೆಗೆ ಓಡಿಸುತ್ತಿದ್ದ ಜೀಪಿನ ಬಗ್ಗೆ ಆ ಮಾತು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ತೊಂಬತ್ತರ ದಶಕದಲ್ಲಿ ಬಸ್ಸು ತಪ್ಪಿದವರಿಗೆಲ್ಲ ಆ ಜೀಪೇ ಗತಿ.

ಒಮ್ಮೆ ಕೂತಲ್ಲೇ ಎಣಿಸಿದೆ. ಒಳಗೆ ಹದಿನಾಲ್ಕು ಜನ, ಹಿಂದೆ ನೇತುಬಿದ್ದವರು ಮೂವರು, ಯಾರದೋ ಮಡಿಲಲ್ಲಿ ಒಂದು ಹುಂಜ. ಮಾವನ ಅರ್ಧ ದೇಹ ಜೀಪಿನ ಆಚೆಗೇ ಇತ್ತು. ಅಷ್ಟರಲ್ಲಿ ತಿರುವಿನಲ್ಲಿ ಅಜ್ಜಿಯೊಬ್ಬರು ಕೈ ಎತ್ತಿದರು. ಬಿತ್ತು ಬ್ರೇಕು!

“ಇನ್ನೆಲ್ಲಿ ಕೂರಿಸ್ತೀರಿ ಮಾರಾಯ್ರೆ?” ಎಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ನರಳಿದರು.

“ನೀವು ಉಸಿರು ಸ್ವಲ್ಪ ಒಳಗೆ ಎಳ್ಕೊಳ್ಳಿ. ಅಜ್ಜಿಗೆ ಎಷ್ಟು ಜಾಗ ಬೇಕು?”

ಅಜ್ಜಿ ಕೂತರು. ರೈಟರು ಮತ್ತೆ ಉಸಿರು ಬಿಟ್ಟದ್ದು ಹೊರನಾಡಿನಲ್ಲೇ ಇರಬೇಕು.

“ಒಬ್ಬರನ್ನಾದ್ರೂ ಬಿಟ್ಟು ಬರೋಕೆ ಆಗೂದಿಲ್ವಾ?” ಎಂದು ಅತ್ತೆ ಗದರಿದರೆ, “ಕೈ ಎತ್ತಿದವ್ರನ್ನ ಬಿಟ್ಟು ಬಂದ್ರೆ ನಂಗೆ ಊಟ ಸೇರೂದಿಲ್ಲ ಮಾರಾಯ್ತಿ” ಎನ್ನುತ್ತಿದ್ದರು.

ಚೊಚ್ಚಲ ಹೆರಿಗೆಗೆ ನಾನು ತವರಿಗೆ ಬಂದಿದ್ದೆ. ಒಂದು ಬೆಳಿಗ್ಗೆ ನೋವು ಶುರುವಾಯಿತು. ನೋಡಿದ ನರ್ಸು, ಮಗು ಅಡ್ಡ ತಿರುಗಿದೆ, ತಡಮಾಡದೆ ಮೂಡಿಗೆರೆಗೆ ಕರೆದೊಯ್ಯಿರಿ ಎಂದರು. ಮಾವ ಜೀಪು ತಂದರು. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಊರು ದಾಟುವಷ್ಟರಲ್ಲಿ ಏಳೆಂಟು ಜನ ರಸ್ತೆಗೇ ಇಳಿದು ಕೈ ಎತ್ತಿದರು.

ಮಾವ ನಿಲ್ಲಿಸಲೇಬೇಕಾಯಿತು. “ಫುಲ್” ಎಂದರು.

“ಎಲ್ಲಿ ಫುಲ್ ಮಾರಾಯ್ರೆ? ಖಾಲಿ ಕಾಣ್ತದಲ್ಲ?” ಎನ್ನುತ್ತ ಒಬ್ಬ ಒಳಗೆ ಇಣುಕಿದ. ನನ್ನನ್ನು ಕಂಡವನೇ ಉಳಿದವರನ್ನು ಬದಿಗೆ ಸರಿಸಿ, “ಹೋಗಿ, ಹೋಗಿ” ಎಂದ.

ಅಲ್ಲಿಂದ ಮೂಡಿಗೆರೆಯವರೆಗೆ ಮಾವ ಒಂದೊಂದು ಹೊಂಡವನ್ನೂ ತಪ್ಪಿಸುತ್ತ, ನಡುನಡುವೆ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಮಧ್ಯಾಹ್ನ ಆಪರೇಷನ್ ಆಗಿ ಮಗಳು ಹುಟ್ಟಿದಳು. ಮಾವ ವಾರ್ಡಿನ ಬಾಗಿಲಲ್ಲೇ ನಿಂತಿದ್ದರು. ಕೈಯೆಲ್ಲ ಡೀಸೆಲ್ ವಾಸನೆ ಎಂದು ಮೂರು ಸಲ ಸೋಪು ಹಾಕಿ ತೊಳೆದು ಬಂದರೂ ಮಗುವನ್ನು ಮುಟ್ಟಲು ಹೆದರಿಕೆ.

“ಹಿಡ್ಕೊಳ್ಳಿ ಮಾವ, ಇವಳನ್ನ ಉಳಿಸಿದ್ದೇ ನೀವು” ಎಂದೆ.

ಅಮ್ಮ ಮಗುವನ್ನು ಅವರ ಕೈಗಿಟ್ಟಳು. ಎರಡೂವರೆ ಕಿಲೋ ಮಗುವನ್ನು ಮಾವ ಎರಡೂ ಕೈಯಲ್ಲಿ ಎದೆಗವಚಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅವರ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಅವತ್ತೇ ಮೊದಲು.