ಹವಾಲ್ದಾರರ ಕವಿತೆಗೆ ನಾನು ಹಾಕಿಸಿದ ತಾಳ

ಗಣರಾಜ್ಯೋತ್ಸವದ ಬೆಳಿಗ್ಗೆ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಫೋನು ಬಂತು. ನಮ್ಮ ದೊಡ್ಡನೆಕ್ಕುಂದಿ ಬಡಾವಣೆಯ ಸಂಘದ ಅಧ್ಯಕ್ಷರು.

"ಮೇಡಂ, ಭಾಷಣಕ್ಕೆ ಬರಬೇಕಿದ್ದ ಲೆಕ್ಚರರ್‌ಗೆ ಜ್ವರ. ಹತ್ತು ಗಂಟೆಗೆ ನೀವೇ ಮಾತಾಡ್ಬಿಡಿ. ವಿಷಯ ಬ್ಯಾನರ್ ಮೇಲೆ ಪ್ರಿಂಟಾಗಿದೆ, ಯುದ್ಧಕಾವ್ಯದಲ್ಲಿ ಸೈನಿಕನ ಅನುಭವ. ನಮ್ಮ ಹವಾಲ್ದಾರ್ ಕೆಂಪಣ್ಣನ ಕವಿತೆ ಓದಿ ವಿಶ್ಲೇಷಣೆ ಮಾಡೋದು, ಅಷ್ಟೇ."

"ನಾನ್ಯಾಕೆ ಸಾರ್?"

"ಪ್ರತಿ ಶನಿವಾರ ಭಜನೇಲಿ ಮೈಕ್ ಹಿಡಿಯೋರು ನೀವು ತಾನೇ!"

ಅರ್ಹತೆ ಅಂದರೆ ಇದು! ಒಪ್ಪಿಕೊಂಡುಬಿಟ್ಟೆ. ಚಿಕ್ಕಂದಿನಿಂದ ಹರಿಕಥೆ ಕೇಳಿದವಳು ನಾನು. ಶಂಖ ಊದುತ್ತೆ, ಬಾಣದ ಮಳೆ ಸುರಿಯುತ್ತೆ, ಮೇಲಿಂದ ದೇವತೆಗಳು ಹೂವು ಎರಚುತ್ತಾರೆ. ಯುದ್ಧ ನನಗೆ ಗೊತ್ತಿಲ್ಲದ್ದೇ?

ಕೆಂಪಣ್ಣ ಎದುರು ಮನೆಯವರು. ಸೈನ್ಯದಿಂದ ನಿವೃತ್ತರಾಗಿ ಈಗ ಟೆಕ್ ಪಾರ್ಕಿನ ಗೇಟಿನಲ್ಲಿ ಸೆಕ್ಯೂರಿಟಿ. ಮನೆಗೇ ಬಂದು ಕವಿತೆಯ ಚೀಟಿ ಕೈಗಿಟ್ಟು, "ಅಕ್ಕಾ, ಇದನ್ನ ಹೆಂಡ್ತಿಗೂ ತೋರ್ಸಿಲ್ಲ. ನೀವು ಓದೋದು ಕೇಳಕ್ಕೆ ಎರಡು ಗಂಟೆ ಪರ್ಮಿಷನ್ ತಗೊಂಡಿದೀನಿ" ಅಂದರು.

ನಾಲ್ಕೇ ಸಾಲು.

ಕಾಲುಚೀಲ ಒದ್ದೆ, ಹೊಟ್ಟೆ ಖಾಲಿ.
ಕೈ ನಡುಗಿತು, ಅಮ್ಮನ ನೆನೆದೆ.
ಗುಂಡು ಹಾರಿತು, ಕಣ್ಣು ಮುಚ್ಚಿದೆ.
ತೆರೆದಾಗ ಪಕ್ಕದವನ ಬಾಟಲಿಯ ನೀರು ಹಾಗೇ ಇತ್ತು.

ಶಂಖವೂ ಇಲ್ಲ, ಹೂವೂ ಇಲ್ಲ! ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದ ನಮ್ಮೆಜಮಾನ್ರು ಕನ್ನಡಕ ಏರಿಸಿ ಓದಿದರು. "ವೀರರಸ ಇಲ್ಲ ಕಣೇ. ನಮ್ಮಲ್ಲಾಗಿದ್ರೆ ರಿಜೆಕ್ಟ್."

"ನಿಮ್ಮನ್ಯಾರು ಕೇಳಿದ್ರು? ಅವರೆ ಹಿಸುಕಿ" ಎಂದು ಪಾತ್ರೆ ಅವರ ಮುಂದಿಟ್ಟು ಹೊರಟೆ.

ಬಡಾವಣೆಯ ಪಾರ್ಕಿನಲ್ಲಿ ಮುಂದಿನ ಸಾಲಿಗೇ ನಮ್ಮ ಭಜನಾ ಮಂಡಳಿಯ ಏಳು ಹೆಂಗಸರು ಕೂತಿದ್ದರು. ದೇವರ ದಯೆ, ನಮ್ಮವರಿದ್ದಾರೆ ಅಂದುಕೊಂಡೆ. ಅಲ್ಲೇ ಕೆಟ್ಟಿತು! ಶನಿವಾರ ನಾನು ಒಂದು ಸಾಲು ಹೇಳಿದರೆ ಅವರು ಅದನ್ನೇ ತಿರುಗಿ ಹಾಡುವುದು ಪದ್ಧತಿ. "ಕಾಲುಚೀಲ ಒದ್ದೆ, ಹೊಟ್ಟೆ ಖಾಲಿ" ಎಂದು ಉಸಿರು ತೆಗೆದುಕೊಂಡೆ ಅಷ್ಟೇ.

"ಕಾಲುಚೀಲ ಒದ್ದೇ... ಹೊಟ್ಟೆ ಖಾಲೀ..." ಏಳೂ ಜನ ರಾಗವಾಗಿ ಎತ್ತಿಕೊಂಡರು. ಮಂಡಳಿಗೆ ತಾಳ ಹಾಕುವ ಗಿರಿಜಮ್ಮನ ವ್ಯಾನಿಟಿ ಬ್ಯಾಗಿನಿಂದ ತಾಳವೂ ಹೊರಬಂತು.

ನಿಲ್ಲಿಸಿ ಅಂತ ಗಾಬರಿಯಿಂದ ಕೈ ಎತ್ತಿದೆ. ಭಜನೆಯಲ್ಲಿ ನಾನು ಕೈ ಎತ್ತಿದರೆ ವೇಗ ಹೆಚ್ಚಿಸಬೇಕು ಅಂತ ಅರ್ಥ. ಹೆಚ್ಚಿಸಿದರು!

ಬೇಗ ಮುಗಿಸೋಣವೆಂದು ಎರಡನೇ ಸಾಲು ಓದಿದೆ. ಅದೂ ಹೋಯಿತು. ಮೂರನೆಯದಕ್ಕೆ ಇಡೀ ಪಾರ್ಕು ಚಪ್ಪಾಳೆ ತಟ್ಟಿಕೊಂಡು ನಗುತ್ತಿತ್ತು. ಹಿಂದೆ ಯೂನಿಫಾರ್ಮಿನಲ್ಲೇ ನಿಂತಿದ್ದ ಕೆಂಪಣ್ಣ ಮಾತ್ರ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

ಅಧ್ಯಕ್ಷರು ಓಡಿಬಂದು ನನ್ನ ಕಿವಿಯಲ್ಲಿ, "ಸಾಕು ಮೇಡಂ. ಸೈನಿಕ ಹೆದರ್ದ ಅಂದ್ರೆ ಚೆನ್ನಾಗಿರಲ್ಲ. ಜೈ ಹಿಂದ್ ಅಂದ್ಬಿಟ್ಟು ಮುಗ್ಸಿ" ಅಂದರು. ಕಿವಿಯಲ್ಲಿ ಹೇಳಿದ್ದು ಮೈಕಿಗೂ ಕೇಳಿಸಿತು!

ಎಲ್ಲಿತ್ತೋ ಸಿಟ್ಟು. "ಮುಗಿಸಲ್ಲ ಸಾರ್! ಗಿರಿಜಾ, ತಾಳ ಒಳಗಿಡು! ಇವರು ಕಣ್ಣು ಮುಚ್ಚಿದೆ ಅಂತ ಬರೆದಿದಾರೆ. ಓಡಿದೆ ಅಂತ ಬರೆದಿಲ್ಲ. ವೀರರಸ ಬೇಕಾದವರು ಅಲ್ಲಿ ಹುಡುಕ್ಕೊಳ್ಳಿ! ಹಲ್ಲಿ ಬಿದ್ರೆ ಮೂರು ಮನೆ ದಾಟಿ ಓಡೋಳು ನಾನು. ನಡುಗೋ ಕೈಯಲ್ಲಿ ಅಲ್ಲೇ ನಿಲ್ಲೋದು ಎಷ್ಟು ಕಷ್ಟ ಅಂತ ನನ್ನ ಕೇಳಿ."

ನಾಲ್ಕನೇ ಸಾಲು ಓದಿದೆ. ಯಾರೂ ತಿರುಗಿ ಹಾಡಲಿಲ್ಲ.

ತಾಳ ಬ್ಯಾಗಿಗೆ ಹಾಕಿದ ಗಿರಿಜಮ್ಮನೇ, "ಅಯ್ಯೋ, ಆ ನೀರು ಕುಡೀಬೇಕಿದ್ದ ಮಗ ಹೋಗ್ಬಿಟ್ಟಿದ್ನೇ?" ಅಂದಳು. ವಿಶ್ಲೇಷಣೆ ಅಲ್ಲಿಗೆ ಮುಗಿಯಿತು. ಮಾಡಿದ್ದು ಅವಳು, ಶಾಲು ಹೊದಿಸಿದ್ದು ನನಗೆ. ಕೊಟ್ಟ ಫಲಕದ ಮೇಲೆ 'ರಂಗೋಲಿ ಸ್ಪರ್ಧೆ, ಸಮಾಧಾನಕರ ಬಹುಮಾನ' ಅಂತಿತ್ತು. ಇರಲಿ, ಸಮಾಧಾನವನ್ನಾದರೂ ಕೊಟ್ಟನಲ್ಲ ಭಗವಂತ!

ಹೊರಬರುವಾಗ ಗೇಟಿನ ಬಳಿ ಕೆಂಪಣ್ಣ ಕಾದಿದ್ದರು. ಕಣ್ಣು ಕೆಂಪಾಗಿತ್ತು. "ಇನ್ನೊಂದು ಬರ್ದ್ರೆ ನಿಮ್ಗೇ ಕೊಡ್ತೀನಿ ಅಕ್ಕಾ. ತಾಳದೋರ್ಗೆ ಮಾತ್ರ ಮೊದ್ಲೇ ಹೇಳ್ಬಿಡಿ" ಎಂದು ಡ್ಯೂಟಿಗೆ ಹೊರಟರು.

ಮನೆಗೆ ಬಂದೆ. "ಯುದ್ಧ ಏನಾಯ್ತೇ?" ಅಂದರು ನಮ್ಮೆಜಮಾನ್ರು.

"ಸೋತೆ. ಓಡಲಿಲ್ಲ."

ಪಾತ್ರೆ ನೋಡಿದೆ. ಎರಡು ಗಂಟೆಗೆ ಒಂದು ಹಿಡಿ ಬೇಳೆ! ಒಂದೊಂದು ಕಾಳನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಿ, ಮಿಕ್ಕಿದ್ದೆಲ್ಲ ರಿಜೆಕ್ಟ್ ಮಾಡಿದ್ದರು. ಸೆರಗು ಸಿಕ್ಕಿಸಿ ಹಿಸುಕಲು ಕೂತೆ. ಹಾಳಾದ ಬೆರಳುಗಳು 'ಕಾಲುಚೀಲ ಒದ್ದೆ' ತಾಳಕ್ಕೇ ಹಿಸುಕುತ್ತಿದ್ದವು!