ಗಾಜಿನೊಳಗಿನ ಶಾವಿಗೆ ಒರಳು

ನನ್ನ ಹೆಸರು ಅಚ್ಚಾಗಿರುವುದು ಎಲ್ಲಿ ಕಂಡರೂ ನಿಂತು ಎರಡು ಸಲ ಓದುವ ಕೆಟ್ಟ ಚಟ ನನ್ನದು. ಮದುವೆ ಪತ್ರಿಕೆಯ ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಕೊನೆಯವನಾಗಿದ್ದರೂ ಸರಿ, ಆ ಪತ್ರಿಕೆ ಮೂರು ತಿಂಗಳು ನಮ್ಮನೆ ಟಿವಿ ಪಕ್ಕದಲ್ಲೇ ನಿಂತಿರುತ್ತದೆ. ಇಂಥವನಿಗೆ, ಚಾಮರಾಜನಗರದಲ್ಲಿ ಹಳೇ ಕಾಲದ ಸಾಮಾನುಗಳ ವಸ್ತುಸಂಗ್ರಹಾಲಯ ತೆರೆಯುತ್ತೇವೆ, ಕೊಟ್ಟವರ ಹೆಸರು ಬರೆಸುತ್ತೇವೆ ಎಂದರೆ ಸುಮ್ಮನಿರಲಾದೀತೆ? ಹರದನಹಳ್ಳಿಯ ಮನೆಯ ಅಟ್ಟ ಹತ್ತಿ, ಹಲಸಿನ ಮರದ ಶಾವಿಗೆ ಒರಳನ್ನು ಇಳಿಸಿ, ಆಟೋದಲ್ಲಿ ಸಾಗಿಸಿ ಕೊಟ್ಟುಬಂದೆ. ಎಷ್ಟು ಹಳೆಯದು ಎಂದು ಕೇಳಿದರು. ‘ನಮ್ಮ ಮುತ್ತಜ್ಜಿಯ ಕಾಲದ್ದು’ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ಆ ಮುತ್ತಜ್ಜಿಯ ಹೆಸರೂ ನನಗೆ ಗೊತ್ತಿಲ್ಲ.

ಹೆಸರು ಬಿದ್ದ ಮೇಲೆ ನೋಡುವವರು ಬೇಡವೇ? ಹೆಂಡತಿ ‘ನನಗೆ ಕೆಲಸವಿದೆ’ ಎಂದಳು. ಊರಿಂದ ಆಸ್ಪತ್ರೆಗೆ ಬಂದಿದ್ದ, ಅಲ್ಲಿ ನಮ್ಮ ಪಕ್ಕದ ಮನೆಯವರಾದ ಗೌರತ್ತೆಯನ್ನು, ಬಸ್ಸಿಗಿನ್ನೂ ಹೊತ್ತಿದೆ ಎಂದು ಪುಸಲಾಯಿಸಿ ಕರೆದೊಯ್ದೆ. ಅತ್ತೆಗೆ ಓದು ಬರದು. ಬೀಸುವ ಕಲ್ಲಿನ ಮುಂದೆ ನಿಂತು, ‘ಇಂತದ್ರಲ್ಲೇ ನಾನು ನೆನ್ನೆ ತಾನೆ ರಾಗಿ ಬೀಸಿವ್ನಿ, ಇದ್ನ ಯಾಕಪ್ಪ ಗಾಜ್ನೊಳಗೆ ಕೂರ್ಸವ್ರೆ?’ ಎಂದು ನಕ್ಕರು. ನಾನೂ ದೊಡ್ಡ ಮನುಷ್ಯನಂತೆ ನಕ್ಕೆ.

ಶಾವಿಗೆ ಒರಳಿನ ಮುಂದೆ ಅತ್ತೆ ಬಗ್ಗಿದವರು ಏಳಲೇ ಇಲ್ಲ.

‘ಅಯ್ಯೋ ಶಿವ್ನೆ! ಇದು ನಮ್ಮೊರಳು ಕಣಪ್ಪ! ಮೂರು ಕಾಲು ಹಲಸು, ಒಂದು ಕಾಲು ಬೇವು. ಮುರ್ದೋದಾಗ ನಿಮ್ಮಾವ್ನೇ ಕೂರ್ಸಿದ್ದು. ಯಾರೋ ಹಬ್ಬಕ್ಕೆ ಇಸ್ಕೊಂಡೋದೋರು ತಂದ್ಕೊಡ್ಲೇ ಇಲ್ಲ. ಕೇರಿಯೆಲ್ಲ ಕೇಳ್ಬುಟ್ಟೆ.’

ಎಷ್ಟೋ ವರ್ಷಗಳ ಹಿಂದಿನ ಆ ಹಬ್ಬದ ದಿನ ಅದನ್ನು ಹೊತ್ತು ತಂದವನು ನಾನೇ ಎಂಬುದು ನೆನಪಾಗಬೇಕೇ, ಅದೂ ಅಲ್ಲಿ?

‘ಚೀಟೀಲಿ ಏನ್ ಬರ್ದವ್ರೆ, ಓದು.’

‘ಶಾವಿಗೆ ಒರಳು, ಹರದನಹಳ್ಳಿ’ ಎಂದು ಓದಿ ನಿಲ್ಲಿಸಿದೆ.

‘ಕೆಳಗೆ ಇನ್ನೊಂದು ಸಾಲು ಅದೆಯಲ್ಲಪ್ಪ?’

ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. ‘ದಾನ ಕೊಟ್ಟವರು ಅಂತ ನನ್ನ ಹೆಸರಿದೆ, ಅತ್ತೆ. ಅವತ್ತು ಇಸ್ಕೊಂಡು ಹೋದವನೂ ನಾನೇ.’

ಅತ್ತೆ ನನ್ನನ್ನೇ ನೋಡಿದರು. ಬೈದಿದ್ದರೆ ಹಗುರಾಗುತ್ತಿದ್ದೆ.

‘ಓಗ್ಲಿ ಬುಡು. ನಮ್ಮನೇಲಿದ್ದಿದ್ರೆ ಗೆದ್ಲು ತಿಂದ್ಬುಡದು. ಆದ್ರೂ ಒರಳು ಇಸ್ಕೊಂಡೋದೋರು ಒಂದ್ ತಟ್ಟೆ ಶಾವಿಗೆ ಕಳಿಸ್ತಾರೆ ಕಣಪ್ಪ. ಅದೂ ಬರ್ನಿಲ್ವಲ್ಲ.’

ಮರುದಿನವೇ ತಟ್ಟೆ ತುಂಬ ಶಾವಿಗೆ ಕೊಟ್ಟುಬಂದೆ. ಚೀಟಿಯಲ್ಲಿ ಅತ್ತೆಯ ಹೆಸರು ಬರೆಯಿರಿ ಎಂದರೆ, ವಸ್ತುಸಂಗ್ರಹಾಲಯದವರು ಕಾರಣ ಸಮೇತ ಅರ್ಜಿ ಕೊಡಿ ಎಂದರು. ‘ಎರವಲು ತಂದ ಒರಳನ್ನು ನಮ್ಮದೆಂದು ಹೇಳಿ ಕೊಟ್ಟಿದ್ದೇನೆ’ ಎಂದು ಬರೆದು, ‘ಇಂತಿ ತಮ್ಮ ವಿಧೇಯ’ದ ಕೆಳಗೆ ನನ್ನ ಹೆಸರು ಹಾಕಿದೆ. ಅಭ್ಯಾಸಬಲ, ಎರಡು ಸಲ ಓದಲು ಹೋದೆ. ಒಂದಕ್ಕೇ ಸಾಕಾಯಿತು.