ತೆರಿಯಾಕೆ ಕೋಳಿ

ಎಲ್ಲ ಅನಾಹುತಕ್ಕೂ ಕಾರಣ ಆರು ವರ್ಷದ ಹುಡುಗಿಯ ಬಾಯಿಂದ ಬಿದ್ದ ಒಂದು ಮಾತು. ಭಾನುವಾರ ಬೆಳಿಗ್ಗೆ ಗುಬ್ಬಿ ಬ್ರೆಡ್ಡಿನ ತಟ್ಟೆಯನ್ನು ಮೇಜಿನ ಆ ತುದಿಗೆ ತಳ್ಳಿ, "ನಂಗೆ ತೆರಿಯಾಕೆ ಕೋಳಿ ಬೇಕು" ಎಂದಳು.

ಅವಳಪ್ಪ ಬೀಗ ರಿಪೇರಿಯವನು. ಬೀದಿಗೆಲ್ಲ ಬೀಗದಣ್ಣ. ತೆರೆಯುವುದು ಎಂಬ ಮಾತು ಎಲ್ಲಿ ಕೇಳಿಸಿದರೂ ಅವನ ಕಿವಿ ನಿಮಿರುತ್ತಿತ್ತು.

"ತೆರಿಯಾಕಾ? ಏನಮ್ಮ ತೆರೀಬೇಕು?"

"ಏನೂ ತೆರಿಯೋದಲ್ಲ. ಅದು ಕೋಳಿ ಹೆಸರು."

"ಕೋಳಿಗೂ ಹೆಸರಿಟ್ಟಿದ್ದಾರಾ?"

"ಅಯ್ಯೋ ಅಪ್ಪಾ!" ಗುಬ್ಬಿ ಹಣೆ ಚಚ್ಚಿಕೊಂಡಳು. "ಚಿಕ್ಕ ಚಿಕ್ಕ ತುಂಡು ಇರುತ್ತೆ. ಮೇಲೆಲ್ಲ ಅಂಟಂಟು, ಸಿಹಿ ಸಿಹಿ. ನನ್ನ ಫ್ರೆಂಡು ಡಬ್ಬೀಲಿ ತರ್ತಾಳಲ್ಲ, ಅದು!"

ಬೀಗದಣ್ಣ ಫೋನಿನಲ್ಲಿ ಹುಡುಕಿದ. ಅದು ತೆರಿಯಾಕಿ, ಜಪಾನಿನವರ ಅಡುಗೆ. 'ಮನೆಯಲ್ಲೇ ಮಾಡಿ, ಬಲು ಸುಲಭ, ಅರ್ಧ ಗಂಟೆ ಸಾಕು' ಎಂದು ಬರೆದಿತ್ತು. ಸುಲಭ ಎಂದು ಬರೆದ ಪುಣ್ಯಾತ್ಮರು ಬೀಗದಣ್ಣ ಒಲೆ ಹಚ್ಚುವುದನ್ನು ನೋಡಿದವರಲ್ಲ.

ಅವನ ಹೆಂಡತಿ ನರ್ಸು. ಮೂರು ತಿಂಗಳ ತರಬೇತಿಗೆಂದು ಬೇರೆ ಊರಿಗೆ ಹೋಗಿ ಅಂದಿಗೆ ಒಂಬತ್ತನೇ ದಿನ. ಆ ಒಂಬತ್ತು ದಿನಗಳಲ್ಲಿ ಅವನು ಮಾಡಿದ ಅನ್ನ ಲಕೋಟೆ ಅಂಟಿಸಲು ಬರುವಂತಿತ್ತು, ಮೊಟ್ಟೆ ರಬ್ಬರಾಗಿತ್ತು. ಗುಬ್ಬಿ ಹೆಸರಿಗೆ ತಕ್ಕಂತೆ ನಾಲ್ಕು ಕಾಳು ಹೆಕ್ಕಿ ಏಳುತ್ತಿದ್ದಳು. ಸುದ್ದಿ ಅವಳ ದೊಡ್ಡಮ್ಮನ ಕಿವಿಗೆ ಬಿತ್ತು. ಹೆಂಡತಿಯ ಅಕ್ಕ, ಆಸ್ಪತ್ರೆಯಲ್ಲಿ ಹತ್ತಾರು ನರ್ಸುಗಳನ್ನು ಆಳುವ ಹೆಂಗಸು. ಹಿಂದಿನ ದಿನವಷ್ಟೇ ಫೋನು ಬಂದಿತ್ತು.

"ಮಗು ದನೀನೇ ಬಡವಾಗಿದೆ. ನಾಳೆ ಐದಕ್ಕೆ ಬರ್ತೀನಿ, ಬಟ್ಟೆ ಕಟ್ಟಿಡಿ. ಅವಳಮ್ಮ ಬರೋವರೆಗೂ ನಮ್ಮನೇಲೇ ಇರ್ಲಿ."

"ಅತ್ತಿಗೆ, ಒಂದೇ ಒಂದು ಅವಕಾಶ..."

"ಸರಿ. ನನ್ನ ಕಣ್ಣೆದುರಿಗೆ ಅವಳು ಒಂದು ಊಟ ಹೊಟ್ಟೆ ತುಂಬಾ ತಿನ್ಲಿ, ಬಿಟ್ಟು ಹೋಗ್ತೀನಿ."

ಗುಬ್ಬಿಯಿಲ್ಲದ ಮನೆಯಲ್ಲಿ ಮೂರು ತಿಂಗಳು! ಸಂಜೆ ಅಂಗಡಿಯಿಂದ ಬಂದಾಗ ಚಪ್ಪಲಿ ಬಿಡುವ ಮೊದಲೇ ಕಾಲಿಗೆ ತೆಕ್ಕೆ ಬೀಳುವ ಆ ಜೀವವಿಲ್ಲದೆ ಈ ಮನೆಯ ಬಾಗಿಲನ್ನು ತೆರೆಯುವುದು ಹೇಗೆ? ಆದ್ದರಿಂದ ಅವನು ಚೀಲ ಹಿಡಿದು ಹೋಗಿ, ಮೂಳೆ ತೆಗೆದ ಕೋಳಿ ತೊಡೆ ಒಂದು ಕಿಲೋ, ಸೋಯಾ ಸಾಸು, ಜೇನುತುಪ್ಪ, ಬೆಳ್ಳುಳ್ಳಿ ಎಲ್ಲ ತಂದ. ಶುಂಠಿ ಮರೆತ. ಮರೆತದ್ದಕ್ಕೆ ಎದುರು ಮನೆಯ ಟೈಲರಮ್ಮನ ಬಾಗಿಲು ತಟ್ಟಿದ. ಅಲ್ಲಿಂದ ಶುರುವಾಯಿತು.

"ಒಂದು ತುಂಡು ಶುಂಠಿ ಇದ್ರೆ ಕೊಡೀಮ್ಮ. ತೆರಿಯಾಕೆ ಕೋಳಿ ಮಾಡ್ತಿದೀನಿ" ಎಂದ. ಬೆಳಗಿನಿಂದ ಮಗಳ ಬಾಯಲ್ಲಿ ಕೇಳಿ ಕೇಳಿ ಅವನಿಗೂ ಅದೇ ನಾಲಗೆಗೆ ಹತ್ತಿತ್ತು.

ಟೈಲರಮ್ಮನ ಕೈಯಲ್ಲಿದ್ದ ಟೇಪು ಕೆಳಗೆ ಬಿತ್ತು. ಹಳೇ ಜನ ತಿನ್ನೋಕೆ ಎನ್ನದೆ ತಿನ್ನಾಕೆ ಎನ್ನುತ್ತಾರೆ, ತೆರೆಯೋಕೆ ಎನ್ನದೆ ತೆರಿಯಾಕೆ ಎನ್ನುತ್ತಾರೆ. ಟೈಲರಮ್ಮನ ಕಿವಿಯೂ ಹಳೆಯದೇ.

"ತೆರಿಯಾಕೆ ಕೋಳೀನಾ? ಆ ಕಪಾಟು ತೆರಿಯಾಕಾ? ಕೋಳಿ ಬಲಿ ಕೊಟ್ಟು ತೆರೀತೀರಾ? ಬೇಡ ಕಣಪ್ಪಾ, ಮಗು ಇರೋ ಮನೆ!"

"ಯಾವ ಕಪಾಟು?"

ಯಾವ ಕಪಾಟೆಂದು ಅವನಿಗೂ ಗೊತ್ತಿತ್ತು. ಅಡುಗೆಮನೆಯ ಗೋಡೆಯೊಳಗೇ ಕೂರಿಸಿದ, ಆಳೆತ್ತರದ, ಬೀಗ ಹಾಕಿದ ಹಸಿರು ಬಣ್ಣದ ಕಪಾಟು. 'ಅದೊಂದು ಬಿಟ್ಟು ಮನೆಯೆಲ್ಲ ನಿಮ್ಮದೇ' ಎಂದಿದ್ದರು ಮನೆ ಬಾಡಿಗೆಗೆ ಕೊಟ್ಟವರು. ಬೀಗ ಬಿಚ್ಚುವವನ ಮನೆಯಲ್ಲೇ ಬಿಚ್ಚಬಾರದ ಬೀಗವೆಂದರೆ ಬೆನ್ನು ತುರಿಸಿದರೂ ಕೈ ಎಟುಕದವನ ಪಾಡು. ಆದರೂ ಮಾತು ಕೊಟ್ಟಿದ್ದಕ್ಕೆ ಅವನು ಅದನ್ನು ಮುಟ್ಟಿರಲಿಲ್ಲ.

"ನಿಮಗಿಂತ ಮುಂಚೆ ಅಲ್ಲಿ ಹಾಸ್ಟೆಲ್ಲಿನ ಅಡುಗೆ ಅಜ್ಜಿ ಇದ್ರು" ಎಂದು ಟೈಲರಮ್ಮ ದನಿ ತಗ್ಗಿಸಿದಳು. "ಯಾರು ಏನು ಮಾಡಿದ್ರೂ ರುಚಿ ನೋಡಬೇಕು, ನೋಡಿ ಒಂದು ತಪ್ಪು ಹೇಳಬೇಕು. ಒಂದಿನ ಅಡುಗೆಮನೆ ಒಳಗೆ ಹೋದ್ರು. ಹೋದ್ರು, ಅಷ್ಟೇ."

"ಅಷ್ಟೇ ಅಂದ್ರೆ?"

"ಹೊರಗೆ ಬಂದದ್ದು ಯಾರೂ ನೋಡಿಲ್ಲ."

ಬೀಗದಣ್ಣ ನಕ್ಕ. ನಗು ಸ್ವಲ್ಪ ಒಣಗಿತ್ತು. ಶುಂಠಿ ತೆಗೆದುಕೊಂಡು ಮನೆಗೆ ಬಂದು, ಗುಬ್ಬಿಯನ್ನು ಮಹಡಿಯ ಮೇಲಿನ ಡ್ರಿಲ್ ಮೇಷ್ಟ್ರ ಮನೆಗೆ ಮೀನಿನ ತೊಟ್ಟಿ ನೋಡಲು ಕಳಿಸಿ, ತೋಳು ಮಡಿಚಿದ.

ಅಡುಗೆಮನೆಯ ಕಿಟಕಿಯ ಆಚೆಗೆ ಪಕ್ಕದ ಕಟ್ಟಡದ ಗೋಡೆ. ನಡುಮಧ್ಯಾಹ್ನವೂ ದೀಪ ಹಾಕಬೇಕು. ಹಲಗೆಯ ಮೇಲೆ ಕೋಳಿಯಿಟ್ಟು ಒಂದೊಂದು ತುತ್ತಿನಷ್ಟು ತುಂಡು ಮಾಡತೊಡಗಿದ. ಟಕ್, ಟಕ್, ಟಕ್. ಬೆವರು ಒರೆಸಿಕೊಳ್ಳಲು ಚಾಕು ನಿಲ್ಲಿಸಿದ.

ಟಕ್.

ಚಾಕು ಅವನ ಕೈಯಲ್ಲೇ, ಗಾಳಿಯಲ್ಲಿ ಇತ್ತು. ಸದ್ದು ಬಂದದ್ದು ಕಪಾಟಿನಿಂದ.

"ಇಲಿ" ಎಂದ ತನಗೆ ತಾನೇ, ಸ್ವಲ್ಪ ಗಟ್ಟಿಯಾಗಿಯೇ. ಇಲಿಗೂ ಕೇಳಲಿ ಎಂದಿರಬೇಕು. ತುಂಡುಗಳನ್ನು ಸೋಯಾ ಸಾಸು, ಜೇನುತುಪ್ಪ, ಜಜ್ಜಿದ ಶುಂಠಿ ಬೆಳ್ಳುಳ್ಳಿಯಲ್ಲಿ ಕಲಸಿ ನೆನೆಯಲು ಬಿಟ್ಟ. ಅರ್ಧ ಗಂಟೆ ಕಳೆದ ಮೇಲೆ ಅರ್ಧ ಭಾಗವನ್ನು ಬಾಣಲೆಗೆ ಹಾಕಿದ. ಚುರ್ರೆಂದು ಸದ್ದಾಯಿತು, ಘಮಘಮ ವಾಸನೆ ಎದ್ದಿತು. ಕಪಾಟಿನ ಒಳಗೆ ಯಾರೋ ದೀರ್ಘವಾಗಿ ಉಸಿರೆಳೆದುಕೊಂಡರು.

"ತೆರಿ" ಎಂದಿತು ಒಂದು ದನಿ. ಹಳೆಯ, ಒಣಗಿದ ಹೆಂಗಸಿನ ದನಿ.

ಹದಿನೈದು ವರ್ಷದ ಕಸುಬು. ಯಾರೇ ಬಂದು ತೆರಿ ಎಂದರೂ ಯಾಕೆ ಎಂದು ಕೇಳದೆ ಬೀಗಕ್ಕೆ ಕೈ ಹಾಕಬಾರದೆಂದು ಅವನಪ್ಪ ಕಲಿಸಿದ್ದ. ಇಲ್ಲದಿದ್ದರೆ ಕಳ್ಳನಿಗೂ ಬಾಗಿಲು ತೆರೆದು ಕೊಟ್ಟಂತಾಗುತ್ತದೆ. ಅಭ್ಯಾಸಬಲದಿಂದ ಬಾಯಿ ತಾನಾಗಿ ಕೇಳಿಬಿಟ್ಟಿತು.

"ಯಾಕೆ?"

"ಕೋಳಿ ತಿನ್ನಾಕೆ."

ಬೀಗದಣ್ಣ ಎದ್ದೆನೋ ಬಿದ್ದೆನೋ ಎಂದು ಓಡಿದ. ಮಹಡಿಯ ಮೆಟ್ಟಿಲ ಮೇಲೆ ಡ್ರಿಲ್ ಮೇಷ್ಟ್ರಿಗೇ ಡಿಕ್ಕಿ ಹೊಡೆದ. ಮೇಷ್ಟ್ರು ನಿವೃತ್ತರಾಗಿ ಏಳು ವರ್ಷವಾದರೂ ಕುತ್ತಿಗೆಯ ಸೀಟಿ ನಿವೃತ್ತಿಯಾಗಿರಲಿಲ್ಲ. ಅವರ ಹಿಂದೆ ಟೈಲರಮ್ಮ. ಅಷ್ಟು ಹೊತ್ತಿಗಾಗಲೇ ಅವಳು ಮೇಷ್ಟ್ರಿಗೆ ವರದಿ ಒಪ್ಪಿಸಿದ್ದಳು.

"ಕೋಳಿ ಕೊಡ್ತಿದೀರಂತೆ ಕಪಾಟಿಗೆ? ಓದಿದವರು ಮಾಡೋ ಕೆಲಸವೇನ್ರೀ ಇದು?"

"ಕೊಡ್ತಿಲ್ಲ ಮೇಷ್ಟ್ರೇ, ಅದೇ ಕೇಳ್ತಿದೆ!"

"ಪೈಪಿನಲ್ಲಿ ಗಾಳಿ ಸೇರ್ಕೊಂಡಿರುತ್ತೆ. ನಡೀರಿ, ನಾನು ನೋಡ್ತೀನಿ."

ಮೂವರೂ ಬರುವಷ್ಟರಲ್ಲಿ ಬಾಣಲೆಯಲ್ಲಿದ್ದ ಅರ್ಧ ಕೋಳಿ ಇದ್ದಿಲಾಗಿತ್ತು. ಮನೆಯೆಲ್ಲ ಹೊಗೆ. ಬೀಗದಣ್ಣ ಒಲೆ ಆರಿಸಿ, ಬೇರೆ ಬಾಣಲೆ ಇಟ್ಟು ಹಚ್ಚಿದ. ಉರಿ ಕುಗ್ಗಿ ಕುಗ್ಗಿ ಆರಿತು. ಮತ್ತೆ ಹಚ್ಚಿದ. ಯಾರೋ ಪಕ್ಕದಲ್ಲಿ ನಿಂತು ಉಫ್ ಎಂದಂತೆ ಆರಿತು. ಮೇಷ್ಟ್ರು ಸಿಲಿಂಡರ್ ಎತ್ತಿ ನೋಡಿದರು. ತುಂಬಿದ ಸಿಲಿಂಡರ್.

ಮೂರನೇ ಸಲ ಆರಿದಾಗ ಕಪಾಟು ಮಾತಾಡಿತು. "ತೆರಿಯಾಕೆ ಕೋಳಿ ಅಂದ್ರಿ. ಕೋಳಿ ಬಂತು. ತೆರಿ."

ಮೇಷ್ಟ್ರು ಕವಾಯತಿನಲ್ಲಿದ್ದಂತೆ ಲೆಕ್ಕ ತಪ್ಪದೆ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಹೊಸಿಲ ಆಚೆ ನಿಂತರು. ಕುತ್ತಿಗೆಯ ಸೀಟಿ ಅವರಿಗೇ ಗೊತ್ತಿಲ್ಲದಂತೆ ಬಾಯಿಗೆ ಬಂದು ಸಣ್ಣಗೆ ಕುಯ್ ಎಂದಿತು.

"ನೋಡಿದ್ರಾ? ನಾನು ಹೇಳ್ಲಿಲ್ವಾ?" ಎಂದಳು ಟೈಲರಮ್ಮ. ಹಲ್ಲು ಕಟಕಟಿಸುತ್ತಿದ್ದರೂ ತನ್ನ ಮಾತು ನಿಜವಾದ ಖುಷಿ ಅವಳಿಗೆ.

"ಈಗೇನು ಮಾಡ್ಲಿ?"

"ತೆರೀರಿ" ಎಂದರು ಮೇಷ್ಟ್ರು. "ನಾನು ಇಲ್ಲಿಂದ ಕಾವಲಿರ್ತೀನಿ."

ಗಂಟೆ ನಾಲ್ಕೂಕಾಲು. ಬಟ್ಟಲಲ್ಲಿ ಹಸಿ ಕೋಳಿ. ಐದಕ್ಕೆ ಅತ್ತಿಗೆ. ದೆವ್ವಕ್ಕೆ ಹೆದರಿ ಸುಮ್ಮನಿದ್ದರೆ ಮಗಳು ಹೋಗುತ್ತಾಳೆ. ಬೀಗದಣ್ಣ ಕೊಕ್ಕೆ ತಂತಿ ತೆಗೆದು ಬೀಗದ ಕಣ್ಣಿಗೆ ಇಟ್ಟ. ತಿರುಗಿಸಲಿಲ್ಲ, ಬರೀ ಇಟ್ಟ. ಒಳಗಿನ ನಾಲಗೆ ತಾನಾಗಿಯೇ ಕಟಕ್ಕೆಂದು ಸರಿಯಿತು. ಬಾಗಿಲು ಮೆಲ್ಲಗೆ ಅವನ ಕಡೆಗೇ ಬಂತು.

ಒಳಗೆ ಏನೂ ಇರಲಿಲ್ಲ. ಮೂರು ಖಾಲಿ ಅರೆಗಳು. ಎಷ್ಟೋ ವರ್ಷ ಮುಚ್ಚಿದ್ದ ಕಪಾಟಿನಲ್ಲಿ ಒಂದು ಚಿಟಿಕೆ ಧೂಳೂ ಇರಲಿಲ್ಲ. ಯಾರೋ ಈಗಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿದಂತೆ ಹಲಗೆ ತಣ್ಣಗಿತ್ತು.

"ನಾನು ಹೇಳ್ಲಿಲ್ವೇನ್ರೀ, ಗಾಳಿ!" ಎಂದು ಮೇಷ್ಟ್ರು ಎದೆ ಸೆಟೆಸಿ ಒಳಗೆ ಬಂದರು.

ಬೀಗದಣ್ಣನ ಬೆನ್ನ ಹಿಂದೆ ಒಲೆ ಹೊತ್ತಿಕೊಂಡಿತು. ಯಾರು ಹಚ್ಚಿದರೆಂದು ಮೂವರಲ್ಲಿ ಯಾರೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಭಯ. ಬೀಗದಣ್ಣ ಕೋಳಿ ಹಾಕಿದ. ಉರಿ ಬೇಕಾದಾಗ ಏರಿತು, ಬೇಡವಾದಾಗ ಇಳಿಯಿತು. ಸಾಸು ಮಂದವಾಗಿ, ಪ್ರತಿ ತುಂಡಿಗೂ ವಾರ್ನಿಶ್ ಬಳಿದ ಹಾಗೆ ಹೊಳಪು ಬಂತು. ಅವನ ಜನ್ಮದಲ್ಲಿ ಅಂಥ ಅಡುಗೆ ಅವನ ಕೈಯಿಂದ ಆಗಿರಲಿಲ್ಲ.

"ಉಪ್ಪು ನೋಡಾಕೆ ಒಂದೇ ಒಂದು" ಎಂದು ಟೈಲರಮ್ಮ ನಾಲ್ಕು ತಿಂದಳು. ಮೇಷ್ಟ್ರು ಎಷ್ಟು ತಿಂದರೆಂದು ಅವರ ಸೀಟಿಗೇ ಗೊತ್ತು. ಬಟ್ಟಲು ಕಿತ್ತುಕೊಂಡು ಮೇಜಿನ ಮೇಲಿಟ್ಟು, ಇಬ್ಬರನ್ನೂ ಹೊರಗೆ ಕಳಿಸಿ, ಬಾಗಿಲು ಎಳೆದುಕೊಂಡು ಅವನು ಗುಬ್ಬಿಯನ್ನು ಕರೆತರಲು ಮಹಡಿ ಹತ್ತಿದ. ಅವಳಿಗೆ ಮೀನುಗಳನ್ನು ಬಿಟ್ಟು ಬರುವ ಮನಸ್ಸಿರಲಿಲ್ಲ. ಪುಸಲಾಯಿಸಿ, ಮುಖ ತೊಳೆಸಿ, ತಲೆ ಬಾಚಿ ಕೆಳಗೆ ಕರೆತರುವಾಗ ಐದು ಹೊಡೆದು ಹತ್ತು ನಿಮಿಷವಾಗಿತ್ತು. ಅತ್ತಿಗೆ ಹೋಗುತ್ತಿದ್ದಂತೆ ಕಪಾಟಿಗೆ ಎರಡು ಬೀಗ ಜಡಿದು, ನಾಳೆಯೇ ಬೇರೆ ಮನೆ ಹುಡುಕಬೇಕೆಂದು ಮೆಟ್ಟಿಲ ಮೇಲೆಯೇ ತೀರ್ಮಾನಿಸಿದ.

ಮನೆ ಬಾಗಿಲು ತೆರೆದಿತ್ತು. ದೊಡ್ಡಮ್ಮ ಆಗಲೇ ಮೇಜಿನ ಮುಂದೆ ಕೂತು, ಮುಂದಿದ್ದ ತಟ್ಟೆಯಿಂದ ತೆರಿಯಾಕಿ ತಿನ್ನುತ್ತಿದ್ದಳು. ಗುಬ್ಬಿಯ ಬಟ್ಟೆಗೆಂದು ತಂದ ದೊಡ್ಡ ಬ್ಯಾಗು ಕುರ್ಚಿಯ ಮೇಲೆ ಮಡಿಸಿದಂತೆಯೇ ಇತ್ತು. ಗುಬ್ಬಿ ಓಡಿ ಹೋಗಿ ಬಟ್ಟಲಿಗೆ ಕೈ ಹಾಕಿದಳು. ಒಂದು, ಎರಡು, ಐದು, ಹನ್ನೊಂದು. ಎರಡೂ ಕೆನ್ನೆಗೆ ಸಾಸು ಮೆತ್ತಿಕೊಂಡು, "ಇದೇ ಅಪ್ಪಾ ತೆರಿಯಾಕೆ!" ಎಂದಳು. ಬೀಗದಣ್ಣನ ಕಣ್ಣು ತುಂಬಿ ಬಂತು.

"ಬಹಳ ಚೆನ್ನಾಗಿದೆ" ಎಂದಳು ದೊಡ್ಡಮ್ಮ. ಅವಳ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. "ಜೇನುತುಪ್ಪ ಒಂದು ಚಮಚ ಜಾಸ್ತಿ ಆಯ್ತಂತೆ."

"ಆಯ್ತಂತೆ? ಯಾರು ಹೇಳಿದ್ದು?"

"ಯಾರೇನು, ಆ ಹಿರಿಯರು. ಬಾಗಿಲು ತೆರೆದು, ಕೂರಿಸಿ, ತಟ್ಟೆಗೆ ಹಾಕಿಕೊಟ್ಟವರು. ಅಡುಗೆಯವರನ್ನ ಇಟ್ಕೊಂಡಿದೀನಿ ಅಂತ ಒಂದು ಮಾತು ಮೊದಲೇ ಹೇಳಬಾರದಾ? ನಾನು ಯಾಕೆ ಇಷ್ಟು ದೂರ ಬರ್ತಿದ್ದೆ?"

ಬೀಗದಣ್ಣ ಅಡುಗೆಮನೆಯ ಕಡೆ ತಿರುಗಿ ನೋಡಿದ.

"ಎಷ್ಟು ಅಚ್ಚುಕಟ್ಟು ಹೆಂಗಸು ರೀ!" ಎಂದು ದೊಡ್ಡಮ್ಮ ಕೈ ತೊಳೆದಳು. "ಕೈ ಮಾತ್ರ ಐಸಿನ ಹಾಗೆ ತಣ್ಣಗಿತ್ತು. ಅವರಿಗೆ ಒಂದು ಸ್ವೆಟರ್ ಕೊಡಿಸಿ. ನೋಡಿ, ನಿಮ್ಮನ್ನ ನಂಬಿ ಅಲ್ಲ, ಅವರನ್ನ ನಂಬಿ ಮಗುನ ಬಿಟ್ಟು ಹೋಗ್ತಿದೀನಿ. ದಿನಾ ಸಂಜೆ ಫೋನ್ ಮಾಡಿ ಅವರ ಹತ್ರಾನೇ ವಿಚಾರಿಸ್ತೀನಿ. ಅವರು ಬಿಟ್ಟು ಹೋದ ದಿನ ಬಂದು ಕರ್ಕೊಂಡು ಹೋಗ್ತೀನಿ. ಇರ್ತಾರೆ ತಾನೆ?"

ಅತ್ತ ದರಿ, ಇತ್ತ ಪುಲಿ. ಅಂಥವರು ಯಾರೂ ಇಲ್ಲವೆಂದರೆ ಮಗಳು ಹೋಗುತ್ತಾಳೆ. ಇದ್ದಾರೆ, ಆದರೆ ಬದುಕಿಲ್ಲ ಎಂದರೂ ಹೋಗುತ್ತಾಳೆ.

"ಇರ್ತಾರೆ ಅತ್ತಿಗೆ" ಎಂದ.

ದೊಡ್ಡಮ್ಮ ಖಾಲಿ ಬ್ಯಾಗು ಎತ್ತಿಕೊಂಡು ಹೊರಟುಹೋದಳು. ಬೀಗದಣ್ಣ ಒಂದೊಂದೇ ಹೆಜ್ಜೆಯಿಟ್ಟು ಅಡುಗೆಮನೆಗೆ ಬಂದ. ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು. ಕಪಾಟಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕತ್ತಲೆ.

"ನಾನಿನ್ನು ಹೊರಡ್ತೀನಪ್ಪ" ಎಂದಿತು ದನಿ, ತೃಪ್ತಿಯಿಂದ. "ತಿಂದಾಯ್ತು. ಇನ್ನು ಯಾವ ಆಸೇನೂ ಇಲ್ಲ."

ಹೋಗಿ ತಾಯಿ ಎನ್ನಲು ಬಾಯಿ ತೆರೆದವನಿಗೆ ಅತ್ತಿಗೆಯ ಮಾತು ನೆನಪಾಯಿತು. ಅವನು ಎರಡೂ ಕೈ ಜೋಡಿಸಿದ.

"ಅಜ್ಜೀ, ದಯವಿಟ್ಟು ಹೋಗಬೇಡಿ. ಮೂರು ತಿಂಗಳು ಇರಿ. ದಿನಾ ಕೋಳಿ ಮಾಡ್ತೀನಿ."

"ಇರಾಕೆ ನಂಗೇನೂ ಅಡ್ಡಿ ಇಲ್ಲ. ಆದ್ರೆ ಒಳಗೆ ನಮ್ಮತ್ತೆನೂ ಇದಾರೆ. ಅವರಿಗೂ ಹಾಕಬೇಕು."

ಕೆಳಗಿನ ಅರೆಯ ಹಿಂದಿನಿಂದ ಯಾರೋ ಕೆಮ್ಮಿದರು.

"ಅವರಿಗೆ ಹಲ್ಲಿಲ್ಲ" ಎಂದಿತು ದನಿ. "ನಾಳೆಯಿಂದ ತುಂಡು ಇನ್ನೂ ಸಣ್ಣಗಿರ್ಲಿ."

"ಅಪ್ಪಾ, ಯಾರ ಹತ್ರ ಮಾತಾಡ್ತಿದೀಯಾ?" ಎಂದು ಗುಬ್ಬಿ ಹೊರಗಿನಿಂದ ಕೂಗಿದಳು.

"ಯಾರೂ ಇಲ್ಲಮ್ಮ, ನೀನು ತಿನ್ನು" ಎಂದ ಬೀಗದಣ್ಣ. ಆಮೇಲೆ ಕಪಾಟಿನ ಕಡೆ ಬಗ್ಗಿ, ಮಗಳಿಗೆ ಕೇಳಿಸದ ಹಾಗೆ, "ಎಷ್ಟು ಸಣ್ಣಗೆ ಅಂತ ಒಂದು ಮಾತು ಅವರನ್ನೇ ಕೇಳಿ ಹೇಳಿ ಅಜ್ಜಿ" ಎಂದ.